ಸಭೆಯ ಬಾಗಿಲು ಮತ್ತು ಮೊಬೈಲಿನ ಕಣ್ಣು

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಸರಕಾರದ ಮಾತು ಜನರಿಗೆ ಮುಟ್ಟುತ್ತಿದ್ದುದು ತಮಟೆಯ ಮೂಲಕ. ನಾಳೆ ಹತ್ತು ಗಂಟೆಗೆ ಸಭೆ ಇದೆ, ಸಾಹೇಬರು ಬರುತ್ತಾರೆ, ಎಲ್ಲರೂ ಬರಬೇಕು ಎಂದು ಬೀದಿ ಬೀದಿಯಲ್ಲಿ ಸಾರಿ ಹೋದರೆ ಮುಗಿಯಿತು. ಪಟ್ಟಣದ ನಮ್ಮ ಮೊಹಲ್ಲಾಗಳಲ್ಲಿ ಪೋಲಿಯೋ ಹನಿಯ ದಿನವನ್ನೂ ಪಡಿತರ ಚೀಟಿಯ ಶಿಬಿರವನ್ನೂ ಮಸೀದಿಯ ಮೈಕಿನಲ್ಲಿ ತಿಳಿಸಿದ್ದುಂಟು. ಸಭೆ ಇದೆ ಎಂಬ ಸುದ್ದಿ ಹೀಗೆ ಎಲ್ಲರ ಕಿವಿಗೂ ಬೀಳುತ್ತಿತ್ತು. ಆದರೆ ಆ ಸಭೆಯಲ್ಲಿ ಏನು ನಡೆಯಿತು ಎಂದು ಸಾರಲು ಯಾವ ತಮಟೆಯೂ ಬರುತ್ತಿರಲಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತಾ, ಸರಕಾರಿ ಸಭೆಗಳ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಾ ನಾವು ಅನೇಕ ವರ್ಷಗಳನ್ನು ಕಳೆದಿದ್ದೇವೆ. ಗ್ರಾಮಸಭೆ, ಪುರಸಭೆಯ ಸಾಮಾನ್ಯ ಸಭೆ, ಕೆಡಿಪಿ ಸಭೆ, ಜನಸ್ಪಂದನ - ಹೆಸರು ಬೇರೆ ಬೇರೆ. ಪ್ಲಾಸ್ಟಿಕ್ ಕುರ್ಚಿ, ತಡವಾಗಿ ಬರುವ ಅಧ್ಯಕ್ಷರು, ಶಾಲು, ಹಾರ ಎಲ್ಲ ಕಡೆಯೂ ಒಂದೇ. ಈಚಿನ ವರ್ಷಗಳಲ್ಲಿ ಈ ದೃಶ್ಯಕ್ಕೆ ಹೊಸದೊಂದು ಸೇರಿಕೊಂಡಿದೆ. ಸಭೆಯ ಯಾವುದೋ ಮೂಲೆಯಿಂದ ಒಂದು ಕೈ ಮೇಲೇಳುತ್ತದೆ. ಅದರಲ್ಲಿ ಮೊಬೈಲ್ ಇರುತ್ತದೆ. ಫೇಸ್‌ಬುಕ್‌ನಲ್ಲೋ ಯೂಟ್ಯೂಬ್‌ನಲ್ಲೋ ಸಭೆ 'ಲೈವ್' ಹೋಗುತ್ತಿರುತ್ತದೆ. ವೇದಿಕೆಯ ಮೇಲಿದ್ದವರ ಬೆನ್ನು ತಕ್ಷಣ ನೆಟ್ಟಗಾಗುತ್ತದೆ. ಈ ಬೆನ್ನು ನೆಟ್ಟಗಾಗುವುದರ ಅರ್ಥವೇನು ಎಂಬುದೇ ನಮ್ಮನ್ನು ಕಾಡುತ್ತಿರುವ ಪ್ರಶ್ನೆ.

ಕರ್ತೃವಿಲ್ಲದ ವಾಕ್ಯಗಳು

ಸಭೆಗಳು ಜನರದ್ದು ಎಂದು ಹೇಳುವ ಕಾನೂನಿಗೆ ನಮ್ಮಲ್ಲಿ ಕೊರತೆ ಇಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ 144 ಸದಸ್ಯರು ದಸರೆಯ ಹೊತ್ತಿಗೆ ಮೈಸೂರಿಗೆ ಹೋಗಿ ಸರಕಾರದ ವರ್ಷದ ಲೆಕ್ಕವನ್ನು ಕೇಳಿ ಬಂದಿದ್ದರು. ಅವರಲ್ಲಿ ಹೆಚ್ಚಿನವರು ಭೂಮಾಲೀಕರು, ವರ್ತಕರು. ಅವರು ತಮ್ಮ ಊರಿಗೆ ಮರಳಿ ಏನನ್ನು ಹೇಳಿದರೋ ಅದೇ ಊರಿಗೆ ಮುಟ್ಟಿದ ವಿಷಯ. ನೂರು ವರ್ಷಗಳ ಬಳಿಕ ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಆ ದಾರಿಯನ್ನು ಅಗಲ ಮಾಡಿದರು. 1983ರ ಕಾಯ್ದೆ ಬಂತು, 1987ರಲ್ಲಿ ಚುನಾವಣೆ ನಡೆಯಿತು, ಮಹಿಳೆಯರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಮೀಸಲಾಯಿತು. ಕೊಳವೆ ಬಾವಿ ಕೊರೆಸಿ ಹಳ್ಳಿಗಳಿಗೆ ನೀರು ಕೊಟ್ಟ ಅವರನ್ನು ಜನ 'ನೀರ್ ಸಾಬ್' ಎಂದು ಕರೆದರು. ಅಧಿಕಾರವನ್ನೂ ನೀರಿನಂತೆ ಕೆಳಗಿನ ಊರಿಗೆ ಹರಿಸಬೇಕೆಂಬುದು ಅವರ ಕೆಲಸದ ತಿರುಳಾಗಿತ್ತು. 1988ರಲ್ಲಿ ಅವರು ತೀರಿಕೊಂಡರು. 1993ರ ಸಂವಿಧಾನ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಜಾಗ ಕೊಟ್ಟಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಮ್ಮ ರಾಜ್ಯದ ಕಾನೂನು ಹೇಳುತ್ತದೆ.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಹೋಗಲು ಎಲ್ಲರಿಂದಲೂ ಆಗುವುದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವವನು ಬರುವುದು ಹೇಗೆ? ಬಂದರೆ ಅಂದಿನ ಕೂಲಿ ಹೋಯಿತು. ಟೊಮೆಟೊ ಹೊತ್ತುಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟವನಿಗೆ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ಹೆಂಗಸಿಗೆ ಸಭೆಗಿಂತ ಹೊಟ್ಟೆ ಮೊದಲು. ಅವರಿಗೆ ಸಭೆಯ ವಿಷಯ ತಿಳಿಯಬೇಕಾದರೆ ನಡಾವಳಿಯನ್ನು ಓದಬೇಕು. ಆ ನಡಾವಳಿ ಹೇಗಿರುತ್ತದೆ?

ನಾವು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ತರಿಸಿಕೊಂಡ ನಡಾವಳಿಗಳ ಒಂದು ಕಟ್ಟು ನಮ್ಮ ಮನೆಯಲ್ಲಿದೆ. ಅದರ ಭಾಷೆಯನ್ನು ಒಮ್ಮೆ ಗಮನಿಸಬೇಕು. 'ಸದರಿ ವಿಷಯವನ್ನು ಸಭೆಯಲ್ಲಿ ಚರ್ಚಿಸಲಾಯಿತು. ಅನುಮೋದಿಸಲಾಯಿತು. ಮುಂದೂಡಲಾಯಿತು.' ಯಾರು ಚರ್ಚಿಸಿದರು? ಯಾರು ವಿರೋಧಿಸಿದರು? ಯಾರು ಮುಂದೂಡಿ ಎಂದರು? ಶಾಲೆಯಲ್ಲಿ ಮೇಷ್ಟ್ರು ವಾಕ್ಯಕ್ಕೆ ಕರ್ತೃ, ಕರ್ಮ, ಕ್ರಿಯಾಪದ ಇರುತ್ತದೆ ಎಂದು ಕಲಿಸಿದ್ದರು. ಸರಕಾರಿ ನಡಾವಳಿಯಲ್ಲಿ ಕರ್ಮವೂ ಕ್ರಿಯಾಪದವೂ ಇರುತ್ತವೆ. ಕರ್ತೃ ಮಾತ್ರ ಇರುವುದಿಲ್ಲ. ಎಲ್ಲವೂ ತಾನಾಗಿಯೇ ನಡೆದುಹೋದಂತೆ ಇರುತ್ತದೆ. ಮೋರಿಯ ಕಾಮಗಾರಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದದ್ದು ಯಾರ ಮಾತಿನಿಂದ ಎಂಬುದು ಆ ಕಾಗದದಲ್ಲಿ ಎಲ್ಲಿಯೂ ಸಿಗದು.

ಮೊಬೈಲಿನ ಕಣ್ಣು ಮಾಡುವ ದೊಡ್ಡ ಉಪಕಾರ ಇದೇ ಎಂದು ನಮಗೆ ತೋರುತ್ತದೆ. ಅದು ವಾಕ್ಯಕ್ಕೆ ಕರ್ತೃವನ್ನು ಮರಳಿ ಕೊಡುತ್ತದೆ. 'ಮುಂದೂಡಲಾಯಿತು' ಎಂಬುದರ ಹಿಂದಿನ ಬಾಯಿ ಯಾವುದೆಂದು ಕಾಣಿಸುತ್ತದೆ.

ನೊರೆ ಕಂಡಿತು, ತೀರ್ಮಾನ ಕಾಣಲಿಲ್ಲ

ನಮ್ಮ ಜಿಲ್ಲೆಯ ಒಂದು ಉದಾಹರಣೆ ನೋಡೋಣ. ನದಿಯಿಲ್ಲದ ಈ ಸೀಮೆಯಲ್ಲಿ ಶಾಶ್ವತ ನೀರಾವರಿಗಾಗಿ ಜನ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು. ಕೊನೆಗೆ ಬಂದದ್ದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ನಮ್ಮ ಕಡೆಯ 126 ಕೆರೆಗಳಿಗೆ ಹರಿಸುವುದು ಅದರ ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಸಂತೋಷಪಟ್ಟರು. ಜುಲೈನಲ್ಲಿ ನೊರೆ ಕಾಣಿಸಿತು. ಆ ನೊರೆಯ ಚಿತ್ರ ಫೋನಿನಿಂದ ಫೋನಿಗೆ ಹರಿಯಿತು. ಅದೇ ತಿಂಗಳು ಹೈಕೋರ್ಟ್ ನೀರು ಹರಿಸುವುದಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಮುಂದೆ ಸುಪ್ರೀಮ್ ಕೋರ್ಟಿನವರೆಗೂ ಹೋದ ವ್ಯಾಜ್ಯ ಅದು. ಆಮೇಲೆ ತಡೆ ತೆರವಾಗಿ ನೀರು ಹರಿಯಿತು, ಒಣಗಿದ್ದ ಎಷ್ಟೋ ಕೆರೆಗಳು ತುಂಬಿದವು.

ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯ ಹಂತ ಬೇಕೇ ಎಂಬುದು ಈ ಜಿಲ್ಲೆಯ ಕುಡಿಯುವ ನೀರಿನ, ಮಣ್ಣಿನ, ಮಕ್ಕಳ ಆರೋಗ್ಯದ ಪ್ರಶ್ನೆ. ಅದನ್ನು ತೀರ್ಮಾನಿಸಿದ ಮೇಜಿನ ಸುತ್ತ ಯಾರು ಏನು ಹೇಳಿದರು, ಯಾರು ಅನುಮಾನ ಎತ್ತಿದರು, ಅದಕ್ಕೆ ಇಂಜಿನಿಯರುಗಳು ಕೊಟ್ಟ ಉತ್ತರವೇನು? ಅದನ್ನು ಕೋಲಾರದ ರೈತ ತನ್ನ ಕಣ್ಣಿನಿಂದ ನೋಡಲಿಲ್ಲ. ಯೋಜನೆ ಸರಿಯೇ ತಪ್ಪೇ ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ನಾವು ಹೇಳುವುದು ಇಷ್ಟೆ: ಮೊಬೈಲ್ ನಮಗೆ ಪರಿಣಾಮವನ್ನು ತೋರಿಸಿತು, ತೀರ್ಮಾನವನ್ನು ತೋರಿಸಲಿಲ್ಲ. ತೀರ್ಮಾನವನ್ನು ಕಂಡಿದ್ದರೆ ಜನ ಅದನ್ನು ಒಪ್ಪಿಯೇ ಬಿಡುತ್ತಿದ್ದರೋ ಏನೋ. ಕಾಣದೆ ಹೋದದ್ದರಿಂದ ವದಂತಿ, ಸಂಶಯ, ಕೋರ್ಟು ಎಲ್ಲ ಸುತ್ತು ಹಾಕಬೇಕಾಯಿತು.

ಬಾಗಿಲು ಹಾಕುವ ಆಸೆ

ಕಂಡದ್ದರಿಂದ ಏನಾಗುತ್ತದೆ ಎಂಬುದಕ್ಕೆ ವಿಧಾನಸಭೆಯೇ ಸಾಕ್ಷಿ. 2012ರ ಫೆಬ್ರವರಿಯಲ್ಲಿ ಸದನ ನಡೆಯುತ್ತಿದ್ದಾಗ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಟಿ.ವಿ. ಕ್ಯಾಮೆರಾ ಹಿಡಿಯಿತು. ಮೂವರು ಸಚಿವರು ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ನಡೆದಾಗ ಶ್ರೀನಿವಾಸಪುರದ ಹೋಟೆಲುಗಳಲ್ಲಿ ಟಿ.ವಿ.ಯ ಮುಂದೆ ಗುಂಪು ಕೂಡುತ್ತಿತ್ತು. ಸಭಾಧ್ಯಕ್ಷರ ಪೀಠದಲ್ಲಿದ್ದವರು ಅವರದೇ ಕ್ಷೇತ್ರದ ಕೆ.ಆರ್. ರಮೇಶ್ ಕುಮಾರ್. ಜುಲೈ 23ರಂದು 99ಕ್ಕೆ 105 ಮತಗಳಿಂದ ಸರಕಾರ ಬಿತ್ತು. ನಿಯಮ, ವಿಪ್, ರಾಜೀನಾಮೆಯ ಅಂಗೀಕಾರ ಮುಂತಾದ ಮಾತುಗಳನ್ನು ಅಂದು ಚಹಾ ಕುಡಿಯುತ್ತಾ ಕಲಿತವರು ನಮ್ಮ ಪರಿಚಯದಲ್ಲಿ ಎಷ್ಟೋ ಮಂದಿ ಇದ್ದಾರೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪ್ರಜೆಗಳಿಗೆ ಸಾರ್ವಜನಿಕ ವ್ಯವಹಾರದ ಶಿಕ್ಷಣ ಬೇಕೆಂದು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಂಸ್ಥೆಯನ್ನೇ ಕಟ್ಟಿದ್ದರು. ಆ ಶಿಕ್ಷಣದ ಒಂದು ಪಾಠ ಅಂದು ಚಹಾ ಹೋಟೆಲಿನಲ್ಲಿ ನಡೆಯಿತು.

ಅದಾಗಿ ಮೂರು ತಿಂಗಳೂ ಕಳೆದಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಹೊಸ ಸಭಾಧ್ಯಕ್ಷರು ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ದೂರದರ್ಶನ ಕೊಟ್ಟ ದೃಶ್ಯವನ್ನೇ ಎಲ್ಲರೂ ಬಳಸಬೇಕಾಯಿತು. ಆದರೂ ಕಣ್ಣು ಪೂರ್ತಿ ಮುಚ್ಚಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಇದೇ ರಮೇಶ್ ಕುಮಾರ್ ಅವರು ಅತ್ಯಾಚಾರದ ಕುರಿತು ಆಡಿದ ಹಗುರ ಮಾತು, ಅದಕ್ಕೆ ಸದನದಲ್ಲಿ ಎದ್ದ ನಗು ದೇಶವೆಲ್ಲ ಹರಡಿತು. ಮರುದಿನ ಅವರು ಕ್ಷಮೆ ಕೇಳಬೇಕಾಯಿತು. ಅದೇ ಮಾತು ಬರೀ ನಡಾವಳಿಯಲ್ಲಿ ಉಳಿದಿದ್ದರೆ, ಅಥವಾ ಕಡತದಿಂದ ತೆಗೆದುಹಾಕಿದ್ದರೆ, ಆ ಕ್ಷಮೆಯ ಅಗತ್ಯ ಯಾರಿಗೂ ಕಾಣುತ್ತಿರಲಿಲ್ಲ. ಒಬ್ಬರೇ ವ್ಯಕ್ತಿಯ ವಿದ್ವತ್ತನ್ನೂ ಎಡವಟ್ಟನ್ನೂ ಕ್ಯಾಮೆರಾ ಪಕ್ಷಪಾತವಿಲ್ಲದೆ ತೋರಿಸಿತು.

ನ್ಯಾಯಾಲಯದ ಕಥೆಯೂ ಇಂಥದ್ದೇ. ಕರ್ನಾಟಕ ಹೈಕೋರ್ಟ್ 2021ರ ಮೇ 31ರಿಂದ ಕಲಾಪವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡತೊಡಗಿತು. 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ವೀಡಿಯೊ ಕಲಾಪದೊಳಗೆ ನುಗ್ಗಿ ಅಸಹ್ಯ ದೃಶ್ಯಗಳನ್ನು ತೋರಿಸಿದಾಗ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ, ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನಕ್ಕೆ ಹೋಲಿಸಿದ ದೃಶ್ಯ ಹೊರಬಂತು. ಇಂಥ ಮಾತು ನಮ್ಮ ಜನರಿಗೆ ಹೊಸದಲ್ಲ. ಬಸ್ಸಿನಲ್ಲಿ, ಕಚೇರಿಯಲ್ಲಿ, ಬಾಡಿಗೆ ಮನೆ ಹುಡುಕುವಾಗ ಕೇಳಿದ್ದೇವೆ. ಕೇಳಿದೆವು ಎಂದರೆ ನಂಬುವವರು ಇರಲಿಲ್ಲ. ಈ ಸಲ ನಂಬಿಸುವ ಕಷ್ಟ ಇರಲಿಲ್ಲ, ದೇಶವೇ ಕೇಳಿತ್ತು. ಸುಪ್ರೀಮ್ ಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದರು. ದೇಶದ ಯಾವ ಭಾಗವನ್ನೂ ಪಾಕಿಸ್ತಾನ ಎನ್ನಲಾಗದು ಎಂದು ಹೇಳಿ ಸುಪ್ರೀಮ್ ಕೋರ್ಟ್ ಪ್ರಕರಣವನ್ನು ಮುಗಿಸಿತು. ನೇರ ಪ್ರಸಾರವನ್ನೇ ನಿಲ್ಲಿಸಬೇಕೆಂಬ ಸಲಹೆ ಬಂದಾಗ, ಬೆಳಕಿನಿಂದ ತೊಂದರೆಯಾದರೆ ಅದಕ್ಕೆ ಮದ್ದು ಇನ್ನಷ್ಟು ಬೆಳಕು ಎಂಬರ್ಥದ ಮಾತನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಹೇಳಿದರು.

ಆಪಾ ಮಾತಾಡಿದ ದಿನ

ದೊಡ್ಡ ಸಭೆಗಳ ಮಾತು ಅಲ್ಲಿರಲಿ. ನಾವು ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದರ ಸಭೆಯಲ್ಲಿ ಕಂಡದ್ದನ್ನು ಹೇಳುತ್ತೇವೆ. ಊರು ಯಾವುದೆಂದು ಹೇಳುವ ಅಗತ್ಯವಿಲ್ಲ, ಏಕೆಂದರೆ ಇದು ಎಲ್ಲ ಊರಿನ ಕಥೆ.

ಮೀಸಲು ಸ್ಥಾನದಿಂದ ಗೆದ್ದ ಮುಸ್ಲಿಮ್ ಮಹಿಳೆಯೊಬ್ಬರು ಅಲ್ಲಿ ಸದಸ್ಯೆಯಾಗಿದ್ದರು. ಸಭೆಗೆ ಅವರು ಬರುತ್ತಿದ್ದರು, ಸಹಿ ಹಾಕುತ್ತಿದ್ದರು, ಮಾತಾಡುತ್ತಿದ್ದುದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಅವರ ಯಜಮಾನರು. ಇದು ಒಂದು ಸಮುದಾಯದ ಕಾಯಿಲೆ ಎಂದು ಯಾರೂ ಭಾವಿಸಬೇಕಿಲ್ಲ, ಅದೇ ಸಭೆಯಲ್ಲಿ ಇನ್ನೂ ಮೂವರು ಗಂಡಂದಿರು ಕುಳಿತಿದ್ದರು. ಒಂದು ದಿನ ಯಾರೋ ಹುಡುಗ ಕಿಟಕಿಯ ಹತ್ತಿರ ನಿಂತು ಲೈವ್ ಮಾಡತೊಡಗಿದ. ಅಧಿಕಾರಿಯ ಕಣ್ಣಿಗೆ ಅದು ಬಿತ್ತು. ಅವರು ಮೆಲ್ಲಗೆ, "ಸ್ವಲ್ಪ ಆಚೆ ಕೂತ್ಕೊಳ್ಳಿ ಸಾಹೇಬ್ರೆ, ಲೈವ್ ಹೋಗ್ತಾ ಇದೆ" ಎಂದರು. ನಾಲ್ವರೂ ಎದ್ದು ಹೊರಗೆ ಹೋದರು.

ವಿಷಯ ನೀರಿಗೆ ಬಂದಾಗ ಆ ಮಹಿಳೆ ಎದ್ದು ನಿಂತರು. ಮನೆಯಲ್ಲಿ ದಖನಿ ಮಾತಾಡುವ ಅವರ ಕನ್ನಡ ತಡವರಿಸುತ್ತಿತ್ತು. "ಎಂಟು ದಿನಕ್ಕೊಂದು ಸಲ ನೀರು ಬಿಟ್ರೆ ಹೆಂಗೆ ಸಾರ್? ಟ್ಯಾಂಕರ್‌ಗೆ ಕೊಡೋಕೆ ನಮ್ಮ ಮೊಹಲ್ಲಾದವ್ರ ಹತ್ರ ದುಡ್ಡು ಎಲ್ಲಿದೆ?" ಎಂದರು. ಎರಡೇ ವಾಕ್ಯ. ಆದರೆ ಮರುದಿನ ಬೀದಿಯ ಹೆಂಗಸರು ಅವರ ಮನೆಗೆ ಬಂದರಂತೆ. ಹೊಗಳಲು ಬಂದವರಲ್ಲ. "ಆಪಾ, ನೀರಿಂದು ಹೇಳಿದ್ರಿ, ಮೋರಿದು ಯಾಕೆ ಬಿಟ್ರಿ?" ಎಂದು ಕೇಳಲು ಬಂದವರು. ಆಪಾ ನಮ್ಮೊಡನೆ ನಗುತ್ತಾ ಹೇಳಿದರು: "ಎರಡು ವರ್ಷದಿಂದ ಇವರು ಯಾರೂ ನನ್ನ ಏನೂ ಕೇಳಿರಲಿಲ್ಲ. ಕೇಳೋದಿದ್ರೆ ನಮ್ಮನೆಯವರನ್ನ ಕೇಳ್ತಿದ್ರು."

ಸದಸ್ಯೆಯಿಂದ ಲೆಕ್ಕ ಕೇಳುವ ಮತದಾರರು, ಲೆಕ್ಕ ಕೊಡಬೇಕಾದ ಸದಸ್ಯೆ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಬೇರೆ ಅರ್ಥವಿದೆಯೇ? ಆದರೆ ಮುಂದಿನ ಸಭೆಗೆ ನಾವು ಹೋದಾಗ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿತ್ತು. ಸಭೆಯ ಗೌರವದ ದೃಷ್ಟಿಯಿಂದ ಮೊಬೈಲ್ ಚಿತ್ರೀಕರಣ ನಿಷೇಧಿಸಲಾಗಿದೆ. ನಿಷೇಧಿಸಿದವರು ಯಾರೆಂದು ಎಂದಿನಂತೆ ಅದರಲ್ಲಿ ಇರಲಿಲ್ಲ. ಒಳಗೆ ನಾಲ್ವರು ಗಂಡಂದಿರೂ ತಮ್ಮ ತಮ್ಮ ಕುರ್ಚಿಗೆ ಮರಳಿದ್ದರು.

ಪಿಂಚಣಿ ಬಂತು, ಮಾನ ಹೋಯ್ತು

ಹಾಗೆಂದು ಕ್ಯಾಮೆರಾ ತಿರುಗಿದಲ್ಲೆಲ್ಲ ನ್ಯಾಯ ಬೆಳೆಯುತ್ತದೆ ಎಂದು ನಾವು ಹೇಳಲಾರೆವು. ಜನಸ್ಪಂದನವೊಂದರಲ್ಲಿ ವಿಧವಾ ವೇತನ ನಿಂತುಹೋದ ಅಜ್ಜಿಯೊಬ್ಬರು ಅಧಿಕಾರಿಯ ಮುಂದೆ ಅತ್ತರು. ಮಗ ಕುಡಿದು ಹೊಡೆಯುವುದನ್ನೂ ಸೊಸೆ ಅನ್ನ ಹಾಕದಿರುವುದನ್ನೂ ಆ ಅಳುವಿನಲ್ಲಿ ಹೇಳಿಬಿಟ್ಟರು. ಅಧಿಕಾರಿ ಒಳ್ಳೆಯವರು, ಅಲ್ಲಿಯೇ ಆದೇಶ ಮಾಡಿದರು. ಆದರೆ ಆ ಅಳು ಒಂದು ನಿಮಿಷದ ತುಣುಕಾಗಿ, ಹಿನ್ನೆಲೆಗೆ ಸಿನಿಮಾ ಹಾಡು ಸೇರಿ, ಅಧಿಕಾರಿಯ ದೊಡ್ಡತನದ ಸಾಕ್ಷಿಯಾಗಿ ಊರೆಲ್ಲ ಓಡಿತು. ಶಾಲೆಯಲ್ಲಿ ಮೊಮ್ಮಕ್ಕಳನ್ನು ರೇಗಿಸಿದರು. ಕೆಲವು ತಿಂಗಳ ನಂತರ ಸಿಕ್ಕಾಗ ಅಜ್ಜಿ, "ಪಿಂಚಣಿ ಬಂತಪ್ಪ, ಮಾನ ಹೋಯ್ತು" ಎಂದರು. ಮತ್ತೆ ಅವರು ಯಾವ ಸಭೆಗೂ ಬರಲಿಲ್ಲ.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನಮಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕ್ಯಾಮೆರಾ ಒಳ್ಳೆಯದೋ ಕೆಟ್ಟದ್ದೋ ಎಂಬುದು ಪ್ರಶ್ನೆಯಲ್ಲ. ಅದು ಯಾರ ಕಡೆಗೆ ತಿರುಗಿದೆ ಎಂಬುದು ಪ್ರಶ್ನೆ. ಅಧಿಕಾರ ಇರುವವರ ಕಡೆಗೆ ತಿರುಗಿದರೆ ಅದು ಲೆಕ್ಕ ಕೇಳುತ್ತದೆ. ಇಲ್ಲದವರ ಕಡೆಗೆ ತಿರುಗಿದರೆ ಅವರ ಮಾನ ಕಳೆಯುತ್ತದೆ. ಸರಕಾರಿ ಪುಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಾರ, ದೀಪ, ಭಾಷಣ ಮತ್ತು ಬಡವರ ಕಣ್ಣೀರು. ವಿರೋಧಿಗಳ ಪುಟಗಳಲ್ಲಿ ಕಾಣುವುದು ಕುರ್ಚಿ ಎಸೆದ ಎರಡು ನಿಮಿಷ. ಟೆಂಡರಿನ ಮೊತ್ತವನ್ನು ಓದಿದ, ಯಾವ ಬೀದಿಗೆ ರಸ್ತೆ ಎಂದು ತೀರ್ಮಾನಿಸಿದ ಆ ನಡುವಿನ ಬೇಸರದ ಎರಡು ಗಂಟೆ ಎಲ್ಲಿಯೂ ಇರುವುದಿಲ್ಲ. ನಮ್ಮ ಬದುಕು ತೀರ್ಮಾನವಾಗುವುದು ಆ ಬೇಸರದ ಹೊತ್ತಿನಲ್ಲಿಯೇ.

ಆಗಬೇಕಾದ್ದು

ಬ್ರಿಟನ್ನಿನಲ್ಲಿ 2014ರಲ್ಲಿ ಬಂದ ನಿಯಮವೊಂದು, ಸ್ಥಳೀಯ ಸಂಸ್ಥೆಗಳ ತೆರೆದ ಸಭೆಗಳನ್ನು ಚಿತ್ರೀಕರಿಸಲು, ಕುಳಿತಲ್ಲಿಂದಲೇ ಸಾಮಾಜಿಕ ಜಾಲತಾಣಗಳಲ್ಲಿ ವರದಿ ಮಾಡಲು ಸಾಮಾನ್ಯ ನಾಗರಿಕನಿಗೆ ಹಕ್ಕು ಕೊಟ್ಟಿತು. ಅಲ್ಲಿ ಚಿತ್ರೀಕರಣ ಅಧ್ಯಕ್ಷರ ಕೃಪೆಯಲ್ಲ, ನಾಗರಿಕನ ಹಕ್ಕು. ನಮ್ಮಲ್ಲಿ ಸುಪ್ರೀಮ್ ಕೋರ್ಟ್ 2018ರಲ್ಲಿ ನೇರ ಪ್ರಸಾರದ ತತ್ವವನ್ನು ಒಪ್ಪಿತು, 2022ರ ಸೆಪ್ಟೆಂಬರ್‌ನಿಂದ ಸಂವಿಧಾನ ಪೀಠದ ಕಲಾಪವನ್ನು ಜನರಿಗೆ ತೋರಿಸತೊಡಗಿತು. ಮೈಸೂರಿನಲ್ಲಿ ನಝೀರ್ ಸಾಬ್ ಅವರ ಹೆಸರಿನ ಸಂಸ್ಥೆ ಉಪಗ್ರಹದ ಮೂಲಕ ಪಂಚಾಯತ್ ಸದಸ್ಯರಿಗೆ ತರಬೇತಿ ನೀಡಿದೆ. ಮೇಲಿನಿಂದ ಹಳ್ಳಿಗೆ ಮಾತು ಇಳಿಸಲು ಇಷ್ಟೆಲ್ಲ ದಾರಿ ಇದೆ. ಹಳ್ಳಿಯ ಸಭೆಯ ಮಾತು ಹಳ್ಳಿಯ ಮನೆಗೇ ತಲುಪಲು ಒಂದು ಮೊಬೈಲ್ ಸಾಕು. ಸಾಲದೆ ಹೋಗಿರುವುದು ಮನಸ್ಸು.

ಸಭೆ ಆರಂಭವಾದಾಗ ಮೊಬೈಲನ್ನು ಒಂದು ಕಡೆ ನಿಲ್ಲಿಸಿ, ಮುಗಿಯುವವರೆಗೂ ಅಲ್ಲಿಯೇ ಇಡಲಿ. ಅದರ ಮುಖ ವೇದಿಕೆಯ ಕಡೆಗಿರಲಿ. ಕತ್ತರಿಸದೆ, ಹಾಡು ಸೇರಿಸದೆ ಪೂರ್ತಿ ಸಭೆ ಪಂಚಾಯತಿಯ ಪುಟದಲ್ಲಿ ಉಳಿಯಲಿ. ಆಗ ಯಾರಾದರೂ ತುಣುಕನ್ನು ತಿರುಚಿದರೆ ಪೂರ್ತಿಯನ್ನು ತೋರಿಸಿ ಉತ್ತರ ಕೊಡಬಹುದು. ಪಿಂಚಣಿ, ಕಾಯಿಲೆ, ಮನೆಯ ಜಗಳದಂಥ ವೈಯಕ್ತಿಕ ಅಹವಾಲು ಬಂದಾಗ, ಮಕ್ಕಳ ಗ್ರಾಮಸಭೆಯಲ್ಲಿ ಮಗುವೊಂದು ತನ್ನ ನೋವು ಹೇಳುವಾಗ ಪ್ರಸಾರ ನಿಲ್ಲಲಿ. ಆದೇಶ ಏನಾಯಿತು ಎಂಬುದನ್ನು ಮಾತ್ರ ಹೆಸರಿಲ್ಲದೆ ತಿಳಿಸಿದರಾಯಿತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ಒಬ್ಬರು ಪ್ರಶ್ನೆ ಕೇಳಿದರೆ ಅದಕ್ಕೆ ನಗುವವರ ಮುಖವೂ ಕಾಣಲಿ. ಮೊಬೈಲಿಲ್ಲದವರಿಗಾಗಿ ಪಂಚಾಯತಿಯ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಅದನ್ನು ತೋರಿಸಲಿ. ಇದಕ್ಕೆ ಕೋಟಿಗಳ ಯೋಜನೆ ಬೇಕಾಗಿಲ್ಲ, ಗುತ್ತಿಗೆದಾರನೂ ಬೇಕಾಗಿಲ್ಲ. ಬಹುಶಃ ಅದಕ್ಕಾಗಿಯೇ ಇದು ಯಾರಿಗೂ ಬೇಡವಾಗಿದೆ.

ಒಂದು ಎಚ್ಚರವನ್ನು ನಮಗೆ ನಾವೇ ಹೇಳಿಕೊಳ್ಳಬೇಕಿದೆ. ಮೊಬೈಲಿನಲ್ಲಿ ಸಭೆ ನೋಡಿದವರು ಸಭೆಗೆ ಹೋದವರಾಗುವುದಿಲ್ಲ. ಹೆಬ್ಬೆರಳು ಒತ್ತಿದ ಮಾತ್ರಕ್ಕೆ ಕೈ ಎತ್ತಿದಂತಾಗುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಒಂದು ಪ್ರಶ್ನೆಗೆ ಇರುವ ತೂಕ ಸಾವಿರ ಜನ ನೋಡಿದ ದೃಶ್ಯಕ್ಕೂ ಇಲ್ಲ. ನೇರ ಪ್ರಸಾರ ನಮ್ಮನ್ನು ಮನೆಯಲ್ಲಿ ಕೂರಿಸಿದರೆ ಅದು ಸೋತಂತೆ. ಆಪಾಳ ಬೀದಿಯ ಹೆಂಗಸರಂತೆ, ನೋಡಿ ಎದ್ದು ಬಾಗಿಲು ತಟ್ಟುವಂತೆ ಮಾಡಿದರೆ ಅದು ಗೆದ್ದಂತೆ.

ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ನಿಮಗೆ ಗೊತ್ತೇ? ಪಿಡಿಒ ಅವರನ್ನು ಕೇಳಿ. ಅಂದು ಹೋಗಿ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಪ್ರಶ್ನೆಯೊಂದನ್ನು ಬರೆದುಕೊಂಡು ಹೋಗಿ. ಮೊಬೈಲು ಜೇಬಿನಲ್ಲಿರಲಿ, ಚಾರ್ಜು ತುಂಬಿರಲಿ.